ದೊರೆಯ ನಾಲ್ಕು ಶೀಸೆ, ನನ್ನ ನಾಲ್ಕು ಲೋಟ

ಸುಮಾ, ಪ್ರಭು, ಪುಟ್ಟ ಗಂಗಾಧರ, ಮೂವರೂ ಕೂತು ಓದಿ. ಜಗಳವಾಡದೆ ಓದಿ.

ಹೋದ ಸಲ ಸರ್ವಮಂಗಳಜ್ಜಿ ಅರಕಲಗೂಡಿನಿಂದ ಬಂದಾಗ ನಾನು ಅವಳಿಗೆ ಮಜ್ಜಿಗೆ ಕೊಟ್ಟೆನಲ್ಲ, ಅವಳು ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸಿ, “ಅತ್ತಿಗೆ, ಇದು ಊಟಕ್ಕೆ ಮುಂಚಿಂದಾ, ಆಮೇಲಿಂದಾ?” ಎಂದು ಕೇಳಿದಳು. ನೀವು ನಕ್ಕಿರಿ. ನಾನೂ ನಕ್ಕೆ. ಆಮೇಲೆ ಸುಮಾ ಅಡುಗೆಮನೆಗೆ ಬಂದು, “ಯಾಕಜ್ಜಿ ಹಂಗೆ ಕೇಳಿದ್ರು?” ಎಂದಳು. ಒಗ್ಗರಣೆ ಸೀಯುತ್ತಿದೆ ಎಂದು ಹೇಳಿ ನಾನು ಆ ಕಡೆ ತಿರುಗಿಕೊಂಡೆ. ಒಲೆಯ ಮೇಲೆ ಒಗ್ಗರಣೆಯೇ ಇರಲಿಲ್ಲ!

ಎದುರಿಗೆ ಹೇಳಲು ನನಗೆ ಆಗುವುದಿಲ್ಲ. ಬರೆಯುವುದಾದರೆ ಆದೀತು. ಹಾಳೆಗೆ ಕಣ್ಣಿಲ್ಲವಲ್ಲ.

ಸರ್ವಮಂಗಳ ನಿಮ್ಮ ತಾತನ ಒಬ್ಬಳೇ ತಂಗಿ. ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಅವಳಿಗೆ ಹನ್ನೊಂದು ವರ್ಷ. ಆ ಮನೆಯಲ್ಲಿ ನಾನು ಮೊದಲು ಬಾಯಿಬಿಟ್ಟು ಮಾತಾಡಿದ್ದು ಅವಳ ಹತ್ತಿರ. ಅತ್ತೆಯ ಹತ್ತಿರ ಮಾತಾಡಲು ಎರಡು ತಿಂಗಳು ಹಿಡಿಯಿತು. ನಿಮ್ಮ ತಾತನ ಹತ್ತಿರ ಎಷ್ಟು ಹಿಡಿಯಿತು ಎಂದು ಹೇಳುವುದಿಲ್ಲ. ನಾಚಿಕೆಯೇ ಹೆಣ್ಣಿಗೆ ಒಡವೆ ಎಂದು ನಮ್ಮ ಊರಿನಲ್ಲಿ ಹೇಳಿಕೊಟ್ಟಿದ್ದರು. ಆ ಒಡವೆಯನ್ನು ನಾನು ಮೈತುಂಬ ಹೇರಿಕೊಂಡಿದ್ದೆ. ನಡೆಯಲೂ ಆಗದಷ್ಟು!

ನಿಮ್ಮ ತಾತ ಆಗ ಮರದ ಪೆಟ್ಟಿಗೆ ಮಾಡಿಸಿ ಮಾರುತ್ತಿದ್ದರು. ಸಕಲೇಶಪುರದ ಕಡೆಯ ಕಾಫಿ ತೋಟದ ಒಬ್ಬ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಸಾಮಾನು ತುಂಬಲು ಪೆಟ್ಟಿಗೆಗಳನ್ನು ಇವರಿಂದಲೇ ಮಾಡಿಸಿಕೊಂಡ. ಕೆಲಸ ಮೆಚ್ಚಿ, ಹೋಗುವ ದಿನ ಇವರ ಕೈ ಕುಲುಕಿ, ನಾಲ್ಕು ಶೀಸೆಗಳಿದ್ದ ಒಂದು ಸಣ್ಣ ಪೆಟ್ಟಿಗೆಯನ್ನು ಕೊಟ್ಟ. ಬೇಡ ಎನ್ನಲು ಇವರಿಗೂ ಸಂಕೋಚ. ಈ ಮನೆಯಲ್ಲಿ ಸಂಕೋಚ ನನ್ನೊಬ್ಬಳದೇ ಸ್ವತ್ತಾಗಿರಲಿಲ್ಲ.

ಮನೆಗೆ ಬಂದವರೇ, ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಮುಂದೆ ಪೆಟ್ಟಿಗೆ ತೆರೆದರು.

“ನೋಡಿಲ್ಲಿ. ದೊರೆಗಳು ಊಟ ಆದ್ಮೇಲೆ ಇದ್ನ ಒಂದೊಂದು ಗುಟುಕು ತಗತಾರಂತೆ, ಜೀರ್ಣಕ್ಕೆ. ಅದ್ರಲ್ಲೂ ಆರಿಸಿ ಆರಿಸಿ ಕೊಡಬೇಕಂತೆ ಕಣೆ! ಈ ಕಿತ್ತಳೆದು ಎಂಗಸ್ರಿಗೆ, ನಾಜೂಕು. ಈ ಅಸಿರುದು ಒಟ್ಟೆ ಭಾರ ಆದೋರ್ಗೆ. ಕಾಪಿದು ಓದೋ ಬರೆಯೋ ಗಂಡಸ್ರಿಗೆ. ಈ ಕೆಂಪುದು ಸುಭಕಾರ್ಯಕ್ಕಂತೆ, ವಯಸ್ಸಾದೋರು ಮೊದ್ಲು ಮುಟ್ಟಬೇಕಂತೆ. ಒಬ್ಬೊಬ್ಬರ ಬಾಯಿಗೆ ಒಂದೊಂದು! ಅವ್ನು ಅರ್ಧ ಗಂಟೆ ಹೇಳ್ದ. ನಮ್ಗೆ ಒಂದು ಉಪ್ಪಿನಕಾಯಿ ಆರಿಸೋಕೇ ಬರಾಕಿಲ್ಲ!”

ಎಂದು ನಕ್ಕರು. ಇನ್ನೊಂದು ಮಾತು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಹಿತ್ತಿಲಿಂದ ಬಂದರು. ಇವರು ಪೆಟ್ಟಿಗೆ ಮುಚ್ಚಿ, “ಮೇಲಿಟ್ಟಿರ್ತೀನಿ, ಯಾರಿಗಾದ್ರೂ ಕೊಟ್ರಾಯ್ತು” ಎಂದು ಗೊಣಗಿ ಅಟ್ಟ ಹತ್ತಿದರು. ಆ ಇನ್ನೊಂದು ಮಾತೂ ಪೆಟ್ಟಿಗೆಯ ಜೊತೆ ಅಟ್ಟ ಹತ್ತಿತು. ಅದೇನೆಂದು ಕೇಳಬಹುದಿತ್ತು. ಗಂಡನನ್ನು ಎರಡನೆಯ ಪ್ರಶ್ನೆ ಕೇಳುವ ರೂಢಿ ನನಗಿರಲಿಲ್ಲ. ಮೊದಲನೆಯದೇ ಅಪರೂಪ.

ಇದಾಗಿ ಒಂದು ತಿಂಗಳಿಗೆ, ಕಡು ಬೇಸಿಗೆಯಲ್ಲಿ, ಚನ್ನರಾಯಪಟ್ಟಣದಿಂದ ನಮ್ಮ ಮಂಗಳಳನ್ನು ನೋಡಲು ಬಂದರು. ಸರ್ವಮಂಗಳಳನ್ನು ಮನೆಯಲ್ಲಿ ನಾವು ಕರೆಯುತ್ತಿದ್ದದ್ದು ಹಾಗೆ, ಆಗ ಅವಳಿಗೆ ಹದಿನೆಂಟು ತುಂಬಿತ್ತು. ಹುಡುಗ ಮಹಾದೇವ, ಶಾಲೆಯ ಮೇಷ್ಟ್ರು. ಜೊತೆಗೆ ತಂದೆ ರುದ್ರಪ್ಪ, ತಾಯಿ ನೀಲಮ್ಮ. ಮಂಗಳ ಅವನನ್ನು ಹಿಂದೆ ಒಮ್ಮೆ ನೆಂಟರ ಮದುವೆಯಲ್ಲಿ ನೋಡಿದ್ದಳು. “ಎಂಗವ್ರೆ?” ಎಂದು ನಾನು ಕೇಳಿದ್ದಕ್ಕೆ, “ಎಂಗೋ ಅವ್ರೆ ಬುಡಿ ಅತ್ತಿಗೆ” ಎಂದಿದ್ದಳು. ಆದರೆ ಆ ದಿನ ಬೆಳಿಗ್ಗೆ ನನ್ನಿಂದ ಮೂರು ಸಲ ಜಡೆ ಬಿಚ್ಚಿಸಿ ಮೂರು ಸಲ ಹಾಕಿಸಿಕೊಂಡಳು. ಎಂಗೋ ಇದ್ದವರಿಗೆ ಯಾರೂ ಮೂರು ಸಲ ಜಡೆ ಹಾಕಿಸಿಕೊಳ್ಳುವುದಿಲ್ಲ.

ನಿಮ್ಮ ತಾತ ಮರ ನೋಡಲು ಅರಕಲಗೂಡಿಗೆ ಹೋದವರು ಬೆಳಗಿನ ಬಸ್ಸಿಗೇ ಹಿಂದಿರುಗಬೇಕಿತ್ತು. ಬಸ್ಸು ಕೆಟ್ಟಿತೋ ಏನೋ, ಬರಲಿಲ್ಲ. ಅತ್ತೆಯೇ ಪಡಸಾಲೆಯಲ್ಲಿ ಬೀಗರಾಗಬೇಕಾದವರ ಜೊತೆ ಕೂತರು. ನಾನು ಉಪ್ಪಿಟ್ಟು, ಕೇಸರಿಬಾತು ಮಾಡಿ ಬಾಗಿಲ ಸಂದಿಯಿಂದ ಕಳಿಸಿದೆ. ಎಲ್ಲ ಚೆನ್ನಾಗಿ ನಡೆಯಿತು. ಕಾಫಿಗೆ ಹಾಲು ಕಾಯಿಸಲಿಟ್ಟೆ.

ಹಾಲು ಒಡೆಯಿತು!

ಎದುರುಮನೆಯಲ್ಲಿ ಹಾಲಿತ್ತು. ಎಮ್ಮೆಯೇ ಇತ್ತು. ಆದರೆ ಬೀದಿಗೆ ಹೋಗಬೇಕಾದರೆ ಪಡಸಾಲೆ ದಾಟಬೇಕು. ಪಡಸಾಲೆಯಲ್ಲಿ ಮೂವರು ಹೊಸಬರು ಕೂತಿದ್ದಾರೆ. ಹಿತ್ತಿಲ ಕಡೆ ಬಾವಿ, ಅದರಾಚೆ ಗೋಡೆ. ಪಡಸಾಲೆ ಎಷ್ಟು ಅಗಲ? ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯನ್ನು ನೆನೆದರೆ ನನ್ನ ಅಂಗಾಲು ಬೆವರಿತು. ಹೀಗೆ ನಿಂತಿರುವಾಗ ಕಣ್ಣು ಮೇಲೆ ಹೋಯಿತು. ಅಟ್ಟ!

ಊಟವಾದ ಮೇಲೆ ಕೊಡುವುದು. ಜೀರ್ಣಕ್ಕೆ. ಯಾರಿಗಾದರೂ ಕೊಟ್ಟರಾಯಿತು. ದೇವರೇ ದಾರಿ ತೋರಿಸಿದ ಎಂದುಕೊಂಡೆ. ಎಂಟು ಹೆಜ್ಜೆ ನಡೆಯಲಾರದವಳು ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ.

ನಾಲ್ಕು ಶೀಸೆಗಳನ್ನೂ ಒರೆಸಿ ಸಾಲಾಗಿ ಇಟ್ಟೆ. ನಾನು ಓದಿದ್ದು ನಾಲ್ಕನೆಯ ತರಗತಿ. ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಅಕ್ಷರ, ಏಣಿಯಂತೆ ಇರುವುದು. ಆದರೆ ಶೀಸೆಗೆ ಅಂಟಿಸಿದ್ದ ಚೀಟಿಯ ಮೇಲೆ ಚಿತ್ರಗಳಿದ್ದವು: ಕಿತ್ತಳೆ, ಎಲೆ, ಕಾಫಿ ಬೀಜ, ಜೋಡಿ ಕೆಂಪು ಹಣ್ಣು. ಚಿತ್ರ ಇರುವಾಗ ಅಕ್ಷರ ಯಾಕೆ? ಕಂಪನಿಯವರು ನನ್ನಂಥವರಿಗಾಗಿಯೇ ಹಾಕಿದ್ದಾರೆ ಎಂದು ಅವರ ಒಳ್ಳೆಯ ಗುಣಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಬಂದವರಿಗೆ ಕೊಡುವುದನ್ನು ಮಾಡಿದವಳು ಮೊದಲು ರುಚಿ ನೋಡಬಾರದು, ಎಂಜಲಾಗುತ್ತದೆ. ಇದು ನಮ್ಮ ಮನೆಗಳಲ್ಲಿ ಲಿಂಗಪೂಜೆಯಷ್ಟೇ ಗಟ್ಟಿ. ಸಾರಿಗೆ ಉಪ್ಪು ಸಾಕೋ ಸಾಲದೋ ಎಂದು ಕುದಿಯುವ ವಾಸನೆಯಲ್ಲೇ ಹೇಳುವವಳು ನಾನು. ಆದ್ದರಿಂದ ಶೀಸೆಯನ್ನು ಮೂಸಿದೆ. ಮೂಗಿನಿಂದ ನೆತ್ತಿಯವರೆಗೆ ಯಾರೋ ಬೆಂಕಿ ಕಡ್ಡಿ ಗೀರಿದ ಹಾಗಾಯಿತು. ಆಹಾ, ಎಂಥಾ ಗಟ್ಟಿ ಸರಬತ್ತು! ಸೀಮೆಯ ಪದಾರ್ಥವೆಂದರೆ ಸುಮ್ಮನೆಯೇ!

ಒಂದು ಗುಟುಕು ಎಂದಿದ್ದ ದೊರೆ. ಒಂದು ಗುಟುಕನ್ನು ಬೀಗರಿಗೆ ಕೊಟ್ಟರೆ ಮನೆಯ ಮಾನ ಉಳಿಯುತ್ತದೆಯೇ? ದೊರೆಗೆ ಜಿಪುಣತನ ಎಂದುಕೊಂಡು ದೊಡ್ಡ ಹಿತ್ತಾಳೆ ಲೋಟಗಳನ್ನೇ ಇಳಿಸಿದೆ. ಲೋಟದ ಅರ್ಧಕ್ಕೆ ಶೀಸೆಯದು, ಇನ್ನರ್ಧಕ್ಕೆ ಮಡಕೆಯ ತಣ್ಣೀರು. ಹಸಿರಿನದಕ್ಕೆ ಒಂದು ಚಿಟಿಕೆ ಜೀರಿಗೆ ಪುಡಿ, ಅದು ನನ್ನ ಸ್ವಂತ ಬುದ್ಧಿ.

ಆಮೇಲೆ ಬಾಗಿಲ ಸಂದಿಯಿಂದ ಪಡಸಾಲೆಯನ್ನು ಇಣುಕಿ, ಒಬ್ಬೊಬ್ಬರನ್ನೂ ವೈದ್ಯರ ಹಾಗೆ ಪರೀಕ್ಷಿಸಿದೆ. ರುದ್ರಪ್ಪನವರು ತೇಗುತ್ತಾ ಎದೆ ನೀವಿಕೊಳ್ಳುತ್ತಿದ್ದರು. ಇವರಿಗೆ ಹಸಿರು. ನೀಲಮ್ಮ ಗಂಟು ಮುಖ ಹಾಕಿಕೊಂಡು ನಮ್ಮ ತೊಲೆಯಲ್ಲಿ ಗೆದ್ದಲು ಹುಡುಕುತ್ತಿದ್ದರು. ಇವರಿಗೆ ನಾಜೂಕಿನ ಕಿತ್ತಳೆ. ಮೇಷ್ಟ್ರಿಗೆ ಕಾಫಿಯದು. ಶುಭಕಾರ್ಯದ ಕೆಂಪು ಯಾರಿಗೆ? ವಯಸ್ಸಾದವರು ಮೊದಲು ಮುಟ್ಟಬೇಕು. ನಮ್ಮ ಅತ್ತೆಗೆ! ಯಾರಿಗೆ ಯಾವುದು ಒಗ್ಗುತ್ತದೆ ಎಂದು ಇಷ್ಟು ಸಲೀಸಾಗಿ ಆರಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ತಟ್ಟೆಯನ್ನು ಮಂಗಳಳ ಕೈಗೆ ಕೊಟ್ಟೆ. ಹೆಣ್ಣು ನೋಡಲು ಬಂದವರಿಗೆ ಹೆಣ್ಣೇ ಕೊಡಬೇಕಲ್ಲ.

“ಏನತ್ತಿಗೆ ಇದು? ಇಂಗೆ ಗಾಟು ಒಡೀತೈತೆ?”

“ಸೀಮೆ ಸರಬತ್ತು. ನೀನು ಸುಮ್ನೆ ಓಗು. ತಲೆ ಬಗ್ಗಿಸ್ಕೊಂಡು ಕೊಡು.”

ಅತ್ತೆ ಕೆಂಪನ್ನು ಮೊದಲು ಮುಟ್ಟಿದರು. ಒಂದೇ ಸಲಕ್ಕೆ ಲೋಟ ಖಾಲಿ ಮಾಡಿದರು. ರುದ್ರಪ್ಪನವರು ಒಂದು ಗುಟುಕು ನುಂಗಿ ಬೆಚ್ಚಿ ಕೂತರು. ಆಮೇಲೆ ಅವರಿಂದ ಒಂದು ತೇಗು ಬಂತು ನೋಡಿ, ಹೊಳೆಯಾಚೆಗೂ ಕೇಳಿಸಿರಬೇಕು!

“ಅಬ್ಬಬ್ಬಾ! ಮೂರು ವರ್ಸದಿಂದ ಒಟ್ಟೇಲಿ ಕುಂತಿದ್ದು ಇವತ್ತು ಎದ್ದೋಯ್ತು ಕಣವ್ವ! ಇನ್ನೊಂದೀಟು ತತ್ತಾ ಮಗ. ಲೋಟ ಯಾಕೆ, ಸೀಸೇನೇ ತತ್ತಾ!”

ಶೀಸೆಯನ್ನೇ ಕಳಿಸಿದೆ. ಅವರು ಅದನ್ನು ಪಕ್ಕದಲ್ಲಿ ಇಟ್ಟುಕೊಂಡರು. ನೀಲಮ್ಮನವರ ಗಂಟು ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಎರಡನೆಯ ಲೋಟಕ್ಕೆ ಅವರು ಮಂಗಳಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

“ನನ್ ಚಿನ್ನ! ಎಂಥಾ ಜಡೆ, ಎಂಥಾ ಜಡೆ! ನಂಗೆ ಎಣ್ಮಕ್ಕಳೇ ಇಲ್ಲ ಕಣವ್ವ. ಏನೂಂದ್ರೆ, ಇನ್ನು ನೋಡಾದೇನು? ಬರೋ ಸೋಮವಾರವೇ ಎಲೆ ಅಡಿಕೆ ಬದ್ಲಾಯಿಸಾಣ!”

“ಸೋಮವಾರ ಯಾಕೆ, ಇವತ್ತೇ ಯಾಕಾಗಬಾರ್ದು?” ಎಂದರು ರುದ್ರಪ್ಪ.

ಬಾಗಿಲ ಹಿಂದೆ ನಾನು ಉಬ್ಬಿಹೋದೆ. ಇಷ್ಟು ವರ್ಷ ನನ್ನ ಕೈಯಡುಗೆಯನ್ನು ಯಾರಾದರೂ ಹೀಗೆ ಹೊಗಳಿದ್ದುಂಟೇ? ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು. ನಮ್ಮ ಅತ್ತೆ ಅಳೆದು ತೂಗಿ ಮಾತಾಡುವವರು. ಆ ದಿನ ಅಳತೆಯ ಸೇರೇ ಕಳೆದುಹೋಗಿತ್ತು!

“ನಮ್ ಸೊಸೆ ಮಾಡಿದ್ದು ಕಣ್ರೀ! ಒಳಗವ್ಳೆ. ಒಳ್ಳೇವ್ಳು, ಆದ್ರೆ ಬಾಯಿಲ್ಲ. ಮನೆಗೆ ಬೆಂಕಿ ಬಿದ್ರೂ ಬಂದು ಕಂಬದ ಇಂದೆ ನಿಂತ್ಕಂತಾಳೆ, ಯಾರಾದ್ರೂ ಕೇಳ್ಲಿ ಅಂತ! ಲೇ ಗಿರಿಜಾ, ಆ ಕೆಂಪುದು ಇನ್ನೊಸಿ ತತ್ತಾರೆ!”

ಎಲ್ಲರೂ ನಕ್ಕರು. ಅತ್ತೆ ಎರಡನೆಯ ಲೋಟ ಮುಗಿಸಿ, ಗೋಡೆಗೆ ಒರಗಿ, ಸೋಬಾನೆ ಪದದ ಒಂದು ಸಾಲು ಹೇಳಿ, ಅಲ್ಲೇ ಗೊರಕೆ ಹೊಡೆದರು.

ಮೇಷ್ಟ್ರು ಮಾತ್ರ ನಗಲಿಲ್ಲ. ಅವರು ಒಂದೇ ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟಿದ್ದರು. ಮೆಲ್ಲಗೆ ಮಂಗಳಳನ್ನು ಕೇಳಿದರು: “ಇದರ ಶೀಸೆ ಇದೆಯಾ? ನೋಡಬಹುದಾ?”

ಇವರಿಗೂ ಹಿಡಿಸಿತು ಎಂದುಕೊಂಡೆ. ಕಾಫಿಯ ಶೀಸೆಯನ್ನು ಸೆರಗಿನಿಂದ ಇನ್ನೊಮ್ಮೆ ಉಜ್ಜಿ, ಚೀಟಿ ಎದುರಿಗೆ ಕಾಣುವಂತೆ ಹಿಡಿಸಿ ಕಳಿಸಿದೆ. ನನ್ನ ಅಪರಾಧಕ್ಕೆ ನಾನೇ ಸಾಕ್ಷಿ ಒದಗಿಸಿದೆ, ಅದೂ ಹೊಳಪು ಕೊಟ್ಟು!

ಅವರು ಚೀಟಿ ಓದಿದರು. ಕಿವಿ ಕೆಂಪಾಯಿತು. ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು, ಮಂಗಳಳನ್ನು ನೋಡಿದರು. ಆಮೇಲೆ ಏನು ಮಾಡಿದರು ಗೊತ್ತೇ ಮಕ್ಕಳೇ? ಶೀಸೆಯನ್ನು ಯಾರಿಗೂ ಕಾಣದಂತೆ ತಮ್ಮ ಕೈಚೀಲಕ್ಕೆ ಹಾಕಿಕೊಂಡು, “ಇವರಿಗೆ ಇನ್ನು ಇದು ಸಾಕು. ಮಜ್ಜಿಗೆ ಇದ್ದರೆ ಕೊಡಿ” ಎಂದು ಮಂಗಳಳಿಗೆ ಮಾತ್ರ ಕೇಳುವಂತೆ ಹೇಳಿದರು. ನಮ್ಮ ಮಾನವನ್ನು ಚೀಲದಲ್ಲಿ ಹಾಕಿಕೊಂಡು ಕಾಪಾಡಲು ಹೊರಟಿದ್ದ ಮನುಷ್ಯ ಆತ. ಇದು ನನಗೆ ಆಮೇಲೆ ತಿಳಿಯಿತು. ಆಗ ನಾನು ಮಾಡಿದ ಯೋಚನೆ: ಶೀಸೆಯನ್ನೇ ಎತ್ತಿಟ್ಟುಕೊಂಡರಲ್ಲ, ಕಾಫಿಯ ಮೇಲೆ ಎಷ್ಟು ಆಸೆ ಪಾಪ!

ಸರಿಯಾಗಿ ಆ ಗಳಿಗೆಯಲ್ಲಿ ನಿಮ್ಮ ತಾತ ಬಂದರು. ಬೆವರು ಒರೆಸಿಕೊಂಡು, ಕೈ ಮುಗಿದು, “ಬಸ್ಸು ಕೆಟ್ಟೋಯ್ತು, ತಪ್ಪು ತಿಳೀಬ್ಯಾಡಿ...” ಎನ್ನುತ್ತಾ ಒಳಗೆ ಕಾಲಿಟ್ಟವರ ಕಣ್ಣಿಗೆ ರುದ್ರಪ್ಪನವರ ಪಕ್ಕದ ಹಸಿರು ಶೀಸೆ ಬಿತ್ತು.

“ಅಯ್ಯಯ್ಯೋ! ದೊರೆ ಕೊಟ್ಟ ಬ್ರಾಂದಿ! ಇದ್ನ ಯಾರು ಇಳಿಸ್ದೋರು?”

ಅವರು ಹೇಳದೆ ಉಳಿಸಿಕೊಂಡಿದ್ದ ಆ ಇನ್ನೊಂದು ಮಾತು ಇದೇ. ಒಂದು ತಿಂಗಳು ತಡವಾಗಿ ಬಂತು!

ರುದ್ರಪ್ಪನವರ ಕೈಯಿಂದ ಲೋಟ ಬಿದ್ದು ಉರುಳಿ ಉರುಳಿ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು. ಅವರು ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

“ಬ್ರಾಂದಿಯಾ? ಇಬೂತಿ ಅಚ್ಚೋ ಮನೇಲಿ ಬ್ರಾಂದಿಯಾ? ಎಣ್ಣು ತೋರ್ಸೋಕೆ ಕರ್ದು, ಎಣ್ಣಿನ ಕೈಲೇ ಕುಡಿಸಿದ್ರಾ? ಯಾರದು ಇದು?”

“ನಂದೇ... ಆದ್ರೆ ಯಜಮಾನ್ರೆ, ನಾನು ಒಂದು ತೊಟ್ಟೂ...”

“ನಂದೇ ಅಂತ ನೀನೇ ಬಾಯಲ್ಲಿ ಹೇಳ್ತೀಯ. ಕುಡಿಯಾಕಿಲ್ಲ ಅಂದ್ರೆ ಯಾರು ನಂಬ್ತಾರೆ?”

ನೀಲಮ್ಮ ತಮ್ಮ ಮಡಿಲಲ್ಲಿದ್ದ ಮಂಗಳಳ ಕೈಯನ್ನು ಬಿಟ್ಟರು. ಬಿಸಿ ಪಾತ್ರೆ ಬಿಟ್ಟ ಹಾಗೆ.

ಆಗ ಮೇಷ್ಟ್ರು ಎದ್ದು ನಿಂತರು. “ಅಪ್ಪ, ಸ್ವಲ್ಪ ತಡೀರಿ. ಇದು ಗೊತ್ತಿಲ್ಲದೆ ಆಗಿರೋದು. ಒಳಗಿರೋ ಅಕ್ಕನನ್ನ ಒಂದು ಮಾತು ಕೇಳೋಣ” ಎಂದು ನಾನು ನಿಂತಿದ್ದ ಬಾಗಿಲ ಕಡೆ ತಿರುಗಿದರು. “ಅಕ್ಕಾ, ನೀವೇ ಹೇಳಿಬಿಡಿ. ಇದು ಏನು ಅಂತ ನಿಮಗೆ ಗೊತ್ತಿತ್ತಾ?”

ಎಲ್ಲರೂ ಬಾಗಿಲನ್ನು ನೋಡಿದರು. ನಿಮ್ಮ ತಾತ ನೋಡಿದರು. ಮಂಗಳ ನೋಡಿದಳು. ಆ ನೋಟ ಈಗಲೂ ನನ್ನ ಕಣ್ಣಮುಂದಿದೆ.

ಏನು ಹೇಳಬೇಕಿತ್ತು? “ಗೊತ್ತಿರಲಿಲ್ಲ, ತಪ್ಪಾಯಿತು, ಇವರು ಕುಡಿಯುವವರಲ್ಲ.” ಒಂದು ಉಸಿರಿನ ಮಾತು. ಹೊಸ್ತಿಲು ದಾಟಿ ಹೇಳಬೇಕಿತ್ತು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಕಾಲು ಎತ್ತಿದೆ. ಅದು ಹಿಂದಕ್ಕೆ ಹೋಯಿತು. ಹಿಂದಕ್ಕೆ ಹಿಂದಕ್ಕೆ ಹೋಗಿ ಹಿತ್ತಿಲು ಸೇರಿ, ಬಾವಿಯ ಹಗ್ಗ ಹಿಡಿದು, ನೀರು ಸೇದತೊಡಗಿದೆ. ಏಳು ಕೊಡ ಸೇದಿದೆ. ಯಾರಿಗೂ ನೀರು ಬೇಕಾಗಿರಲಿಲ್ಲ.

ಎಂಟನೆಯ ಕೊಡದ ಹೊತ್ತಿಗೆ ಬೀದಿ ಬಾಗಿಲು ಹಾಕಿದ ಸದ್ದು ಕೇಳಿಸಿತು. ನಾನು ಒಳಗೆ ಬಂದಾಗ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಅತ್ತೆಯನ್ನು ಬಿಟ್ಟರೆ ನೆಮ್ಮದಿಯಾಗಿದ್ದವರು ಒಬ್ಬರೂ ಇರಲಿಲ್ಲ. ಮೇಷ್ಟ್ರು ಕೂತಿದ್ದ ಜಾಗದಲ್ಲಿ ಕಾಫಿಯ ಶೀಸೆ ಇತ್ತು. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲವೆಂದು ಚೀಲದಿಂದ ತೆಗೆದು ಇಟ್ಟುಹೋಗಿದ್ದರು.

ನಿಮ್ಮ ತಾತ ನನ್ನನ್ನು ಬಯ್ಯಲಿಲ್ಲ. “ನಾನೇ ಮೊದ್ಲು ಹೇಳಬೇಕಿತ್ತು” ಎಂದಷ್ಟೇ ಹೇಳಿ, ಉಳಿದಿದ್ದನ್ನೆಲ್ಲ ಹಿತ್ತಿಲ ತೆಂಗಿನ ಮರದ ಬುಡಕ್ಕೆ ಸುರಿದರು. ಆ ವರ್ಷ ಆ ಮರ ಹಿಂದೆಂದೂ ಬಿಡದಷ್ಟು ಕಾಯಿ ಬಿಟ್ಟಿತು. ಆ ಶೀಸೆಗಳದು ಸರಿಯಾಗಿ ಒಗ್ಗಿದ್ದು ಅದಕ್ಕೊಂದಕ್ಕೇ!

ಅತ್ತೆ ಮಾರನೆಯ ದಿನ ತಲೆನೋವೆಂದು ಮಲಗಿದ್ದರು. ಬೀಗರಿಗೆ ಯಾಕೋ ಮನಸ್ಸು ಬರಲಿಲ್ಲ ಎಂದಷ್ಟೇ ಅವರಿಗೆ ಹೇಳಿದೆವು. ನಿಜ ತಿಳಿದರೆ ಎದೆ ಒಡೆದುಕೊಳ್ಳುತ್ತಿದ್ದರು. ಆಮೇಲೆ ಬದುಕಿದ್ದಷ್ಟು ಕಾಲ ಪ್ರತಿ ಯುಗಾದಿಗೂ, “ಗಿರಿಜಾ, ಆ ಕೆಂಪು ಸರಬತ್ತು ಮಾಡೇ. ನೀನು ಅಂಥದು ಇನ್ನೊಂದು ದಪ ಮಾಡ್ಲೇ ಇಲ್ಲ ನೋಡು” ಎನ್ನುತ್ತಿದ್ದರು.

ಸುದ್ದಿ ಚನ್ನರಾಯಪಟ್ಟಣದಿಂದ ಹೊರಟು, ಹಿರೀಸಾವೆಯ ಹೋಟೆಲಿನಲ್ಲಿ ಟೀ ಕುಡಿದು, ನಮ್ಮೂರಿಗೆ ವಾಪಸು ಬರುವಷ್ಟರಲ್ಲಿ ನಾಲ್ಕು ಶೀಸೆ ನಲವತ್ತಾಗಿತ್ತು. ನಿಮ್ಮ ತಾತನ ಹೆಸರನ್ನು ನಾನು ಈಗಲೂ ಬರೆಯುವುದಿಲ್ಲ. ಆದರೆ ಆ ಹೆಸರಿನ ಹಿಂದೆ ಊರವರು ‘ಶೀಸೆ’ ಎಂದು ಸೇರಿಸಿದರು ಎಂಬುದನ್ನು ಬರೆಯಲೇಬೇಕು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ, ಆ ಹೆಸರನ್ನು ಹೊತ್ತುಕೊಂಡೇ ಹೋದರು. ‘ಇದು ನನ್ನ ಹೆಂಡತಿ ಮಾಡಿದ್ದು’ ಎಂದು ಯಾರಿಗೂ ಹೇಳಲಿಲ್ಲ.

ಮಂಗಳಳನ್ನು ಮೂರು ವರ್ಷ ಯಾರೂ ನೋಡಲು ಬರಲಿಲ್ಲ. ಮೇಷ್ಟ್ರಿಗೆ ಬೇರೆ ಕಡೆ ಮದುವೆಯಾಯಿತು. ಆಮೇಲೆ ಅರಕಲಗೂಡಿನ ಜವಳಿ ಅಂಗಡಿಯವರು ಬಂದು ಇವಳನ್ನು ಮಾಡಿಕೊಂಡರು. ಒಳ್ಳೆಯ ಮನುಷ್ಯ, ಚೆನ್ನಾಗಿಯೇ ಬಾಳಿದಳು, ನೀವು ನೋಡಿದ್ದೀರಿ. ಅದನ್ನು ನೆನೆದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಆ ಸಾಯಂಕಾಲ ಅವಳು ನನ್ನ ಮುಂದೆ ಕೂತು, ಮೂರು ಸಲ ಹಾಕಿಸಿಕೊಂಡಿದ್ದ ಜಡೆಯನ್ನು ತಾನೇ ಬಿಚ್ಚುತ್ತಾ, “ಅತ್ತಿಗೆ, ಒಂದು ಮಾತು ಅಂದಿದ್ರೆ ಸಾಕಾಗಿತ್ತಲ್ಲಾ” ಎಂದಳು. ಅಷ್ಟೇ. ಮತ್ತೆ ಎಂದೂ ಕೇಳಲಿಲ್ಲ. ಕೇಳುವ ಬದಲು ನಾನು ಕೊಟ್ಟದ್ದನ್ನೆಲ್ಲ ಮೂಸುತ್ತಾಳೆ, ತಮಾಷೆ ಮಾಡುತ್ತಾಳೆ. ನಾನು ನಗುತ್ತೇನೆ. ನಗುವುದು ಸುಲಭ, ಬಾಯಿ ತೆರೆದರೆ ಸಾಕು, ಮಾತು ಬೇಡ.

ಯಾವ ಶೀಸೆ ಯಾರಿಗೆ ಎಂದು ಆರಿಸುವುದರಲ್ಲಿ ನಾನು ಒಂದೂ ತಪ್ಪು ಮಾಡಲಿಲ್ಲ. ದೊರೆ ಬಂದು ನೋಡಿದ್ದರೂ ತಲೆದೂಗುತ್ತಿದ್ದ. ಯಾವ ಹೊತ್ತಿಗೆ ಮಾತು, ಯಾವ ಹೊತ್ತಿಗೆ ನಾಚಿಕೆ ಎಂದು ಆರಿಸುವುದರಲ್ಲಿ ತಪ್ಪಿದೆ. ಅದಕ್ಕೆ ಚೀಟಿಯ ಮೇಲೆ ಚಿತ್ರ ಇರಲಿಲ್ಲ.

ಈ ಹಾಳೆಗಳನ್ನು ಜೋಪಾನ ಮಾಡಿ ಮಕ್ಕಳೇ. ಗಂಗಾಧರ ದೋಣಿ ಮಾಡದ ಹಾಗೆ ಸುಮಾ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿ. ಗೌರಿ ಹಬ್ಬಕ್ಕೆ ಸರ್ವಮಂಗಳಜ್ಜಿ ಬರುತ್ತಾಳೆ. ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಇದನ್ನು ಗಟ್ಟಿಯಾಗಿ ಓದಿ ಹೇಳಿ. ‘ಗೊತ್ತಿರಲಿಲ್ಲ, ತಪ್ಪಾಯಿತು’ ಎನ್ನುವ ಕಡೆ ಸ್ವಲ್ಪ ನಿಧಾನವಾಗಿ ಓದಿ.

ನಾನು ಎಲ್ಲಿ ಎಂದು ಅವಳು ಕೇಳಿದರೆ ಹುಡುಕಬೇಡಿ. ಬಾವಿಯ ಹತ್ತಿರ ಇರುತ್ತೇನೆ. ಎಂಟನೆಯ ಕೊಡದ ಹೊತ್ತಿಗೆ ಬರುತ್ತೇನೆ.